ನೀರು ಕೇಳುವ ಬೀಜ

ನಮ್ಮ ಬಳಗದಲ್ಲಿ ಈಗಲೂ ಯಾರಾದರೂ ಹೊಟ್ಟೆ ಕಟ್ಟಿದೆ ಅಂದರೆ, ಇನ್ನೊಬ್ಬರು ಇಸಬ್ಗೋಲು ತಗೊಳ್ಳಿ ಅನ್ನುತ್ತಾರೆ. ಆಗ ಮೂರನೆಯವರು ಯಾರೋ ತಪ್ಪದೆ ಬಾಯಿ ಹಾಕುತ್ತಾರೆ, "ಅಯ್ಯೋ, ಅದು ಬೇಡಪ್ಪ, ಕುಣಿಗಲ್ ಜುಬೇದಾಗೆ ಆ ಬೀಜ ಆಗಿಬರ್ಲಿಲ್ಲ, ಸತ್ತು ಬದುಕಿದ್ಲು" ಎಂದು. ಜುಬೇದಾ ಅಂದರೆ ನಮ್ಮ ಅಮ್ಮಿ. ಮದುವೆ ಮನೆಗಳಲ್ಲಿ, ಸಾವಿನ ಮನೆಗಳಲ್ಲಿ, ಈದ್ ದಿನದ ಶಾವಿಗೆ ಪಾಯಸದ ಬಟ್ಟಲು ಕೈಯಲ್ಲಿರುವಾಗಲೂ ನಾನು ಈ ಮಾತು ಕೇಳಿದ್ದೇನೆ. ಕೇಳಿದಾಗಲೆಲ್ಲ ಕಿವಿ ಬಿಸಿಯಾಗುತ್ತದೆ. ನನಗೆ ಜಗಳ ಆಡಿ ಅಭ್ಯಾಸವಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಮೆತ್ತಗೆ ಮಾತಾಡುವುದನ್ನು ಕಲಿಸಿ ಕಳಿಸಿದರು, ಮದುವೆಯಾದ ಮನೆಯೂ ಅದನ್ನೇ ಮೆಚ್ಚಿಕೊಂಡಿತು. ಆದರೆ ಒಂದು ಬಡಪಾಯಿ ಬೀಜದ ಮೇಲೆ ಗೂಬೆ ಕೂರಿಸಿ ಇಡೀ ಮನೆತನ ಕೈ ತೊಳೆದುಕೊಂಡು ಕೂತಿರುವುದನ್ನು ನೋಡುತ್ತಾ ಸುಮ್ಮನಿರಲು ಈ ವಯಸ್ಸಿನಲ್ಲಿ ನನಗೆ ಮನಸ್ಸಿಲ್ಲ. ಬೀಜದ್ದು ತಪ್ಪೇನೂ ಇರಲಿಲ್ಲ. ಅದು ಕೇಳುವುದು ನೀರೊಂದನ್ನೇ. ನಮ್ಮ ಮನೆಯ ಹೆಂಗಸರು ಹೆದರುತ್ತಿದ್ದದ್ದೂ ಆ ನೀರೊಂದಕ್ಕೇ.

ಯಾಕೆ ಅನ್ನುವುದು ತಿಳಿಯಬೇಕಾದರೆ ಮನೆ ಹೇಗಿತ್ತು ಅಂತ ಹೇಳಬೇಕು. ಕುಣಿಗಲ್ಲಿನ ಪೇಟೆಯಿಂದ ಒಳಕ್ಕೆ ತಿರುಗುವ ಬೀದಿಯಲ್ಲಿ ಉದ್ದಕ್ಕೆ ರೈಲುಡಬ್ಬಿಯ ಹಾಗಿದ್ದ ಮನೆ. ಬೀದಿಗೆ ಜಗುಲಿ, ಅದರ ಹಿಂದೆ ಹಜಾರ, ಆಮೇಲೆ ಎರಡೂ ಬದಿ ಕೋಣೆಗಳು, ಅಡುಗೆಮನೆ, ಕೊನೆಗೆ ಹಿತ್ತಲು. ನಮ್ಮ ದಾದಾ, ಅಂದರೆ ಅಬ್ಬನ ಅಪ್ಪ, ಕಬ್ಬಿಣದ ಟ್ರಂಕು ಮಾಡಿಸಿ ಮಾರುತ್ತಿದ್ದರು. ಹಸಿರು ಬಣ್ಣದ ಮೇಲೆ ಗುಲಾಬಿ ಹೂವು ಬರೆದ ಟ್ರಂಕುಗಳು. ಹುಲಿಯೂರುದುರ್ಗ, ಹುತ್ರಿದುರ್ಗದ ಕಡೆಯಿಂದ ಮದುವೆಗೆ ಮುಂಚೆ ಹೆಣ್ಣಿನ ಕಡೆಯವರು ಬಂದು ಕೊಂಡು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗುತ್ತಿದ್ದರು. ನಾನು ತೀರ ಚಿಕ್ಕವಳಿದ್ದಾಗ ಹಿತ್ತಲಲ್ಲಿ ನುಗ್ಗೆಮರದ ಪಕ್ಕ ಒಂದು ಹಳೆಯ ಕಕ್ಕಸು ಇತ್ತು, ತಗಡಿನ ಬಾಗಿಲಿನದು. ವ್ಯಾಪಾರ ಕುದುರಿದ ಮೇಲೆ ದಾದಾ ನುಗ್ಗೆಮರವನ್ನೂ ಕಕ್ಕಸನ್ನೂ ಕೆಡವಿಸಿ, ಗೋಡೆಯಿಂದ ಗೋಡೆಗೆ ಶೀಟು ಹೊದಿಸಿ, ಟ್ರಂಕಿನ ಗೋಡೌನು ಮಾಡಿದರು. ಹೊಸ ಕಕ್ಕಸನ್ನು ಮುಂದುಗಡೆ, ಜಗುಲಿಯ ತುದಿಯಲ್ಲಿ ಕಟ್ಟಿಸಿದರು. ಬಿಳಿ ಟೈಲ್ಸು, ತಲೆಯ ಮೇಲೆ ಟ್ಯಾಂಕು, ಎಳೆಯಲು ಸರಪಳಿ. ಎಳೆದರೆ ಬೀದಿಯ ಕೊನೆಯವರೆಗೂ ಕೇಳಿಸುವಂಥ ಆರ್ಭಟ. ಬಂದ ನೆಂಟರು ಅದನ್ನು ನೋಡಿ "ಮಾಷಾ ಅಲ್ಲಾ" ಅಂದು ಹೋಗುತ್ತಿದ್ದರು. ಕಕ್ಕಸಿಗೂ ದೃಷ್ಟಿಯಾಗುತ್ತದೇನೋ ಎಂದು ದಾದಾ ಒಳಗೊಳಗೇ ಹಿಗ್ಗುತ್ತಿದ್ದರು.

ಅದರ ಬಾಗಿಲು ಜಗುಲಿಗೇ ತೆರೆಯುತ್ತಿತ್ತು. ಜಗುಲಿಯಲ್ಲಿ ಬೆಳಗಿನಿಂದ ಗಂಡಸರು. ದಾದಾ, ಅವರ ಸ್ನೇಹಿತರು, ಟ್ರಂಕಿಗೆ ಬಂದ ಗಿರಾಕಿಗಳು, ಪೇಪರು ಓದಲು ಬಂದವರು, ಸುಮ್ಮನೆ ಬಂದವರು. ಮನೆಯ ಹೆಂಗಸರು ಅವರ ಮುಂದೆ ಲೋಟಾ ಹಿಡಿದುಕೊಂಡು ಹಾದುಹೋಗುವ ಮಾತೇ ಇರಲಿಲ್ಲ. ಮುಂಜಾನೆಯ ಆಜಾನಿಗೆ ಮುಂಚೆ ಒಂದು ಸಲ, ರಾತ್ರಿ ಜಗುಲಿ ಖಾಲಿಯಾದ ಮೇಲೆ ಒಂದು ಸಲ, ಅಷ್ಟೇ. ಬಚ್ಚಲು ಇತ್ತಲ್ಲ ಅನ್ನಬಹುದು. ಅಡುಗೆಮನೆಯ ಮೂಲೆಯ ಆ ಬಚ್ಚಲಲ್ಲೇ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ವಜೂ ಮಾಡುತ್ತಿದ್ದದ್ದು. ಅಲ್ಲಿ ಇನ್ನೇನಾದರೂ ಮಾಡಿದರೆ ಜಾಗ ನಾಪಾಕಾಗುತ್ತದೆ, ಮೈಲಿಗೆಯಾಗುತ್ತದೆ ಅಂತ ದಾದಾನ ಕಟ್ಟಪ್ಪಣೆ. ಹೀಗೆ ಒಂದು ಕಡೆ ಮರ್ಯಾದೆ, ಇನ್ನೊಂದು ಕಡೆ ಪಾಕ್, ನಡುವೆ ನಮ್ಮ ಅಮ್ಮಿಯ ಹೊಟ್ಟೆ. ಎಂಥಾ ಕೆರೆ ಇರುವ ಊರು ಕುಣಿಗಲ್! ಕೋಡಿ ಬಿದ್ದರೆ ಜನ ಜಾತ್ರೆಯ ಹಾಗೆ ನೋಡಲು ಹೋಗುತ್ತಿದ್ದರು. ಅದೇ ಊರಲ್ಲಿ ಅಮ್ಮಿ ನೀರನ್ನು ಕಷಾಯ ಕುಡಿದ ಹಾಗೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಒಲೆಯ ಮುಂದೆ ಕೂತು ಬೆವರು ಸುರಿಯುವಾಗ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದಳೇ ಹೊರತು ನುಂಗುತ್ತಿರಲಿಲ್ಲ. ನಾನು ತುಮಕೂರಿನ ಕಾನ್ವೆಂಟಿನ ಹಾಸ್ಟೆಲಿನಿಂದ ಶನಿವಾರ ಮನೆಗೆ ಬಂದಾಗ ಇದು ಕಣ್ಣಿಗೆ ಹೊಡೆಯುತ್ತಿತ್ತು. ಅಲ್ಲಿ ಊಟದ ಮನೆಯಲ್ಲಿ ಸಿಸ್ಟರು ಮುಂದೆ ನಿಂತು ದೊಡ್ಡ ಲೋಟದ ತುಂಬ ನೀರು ಕುಡಿಸುತ್ತಿದ್ದರು. ಕ್ಲಾಸಿನ ನಡುವೆ ಕಿರುಬೆರಳೆತ್ತಿದರೆ ಸಾಕು, ಟೀಚರು ತಲೆ ಅಲ್ಲಾಡಿಸಿ ಕಳಿಸುತ್ತಿದ್ದರು. ನನಗೆ ಒಂದು ಬೆರಳಿನ ಕೆಲಸವಾಗಿದ್ದದ್ದು ಅಮ್ಮಿಗೆ ಇಡೀ ದಿನದ ತಪಸ್ಸಾಗಿತ್ತು.

ಇಸಬ್ಗೋಲು ನಮ್ಮ ಮನೆಗೆ ಬಂದದ್ದು ದಾದಾನಿಗಾಗಿ. ಪೇಟೆಯ ಗ್ರಂಧಿಗೆ ಅಂಗಡಿಯಿಂದ ಪೊಟ್ಟಣ ಕಟ್ಟಿಸಿ ತರುತ್ತಿದ್ದರು. ಬೀಜದ ಮೇಲಿನ ಹೊಟ್ಟು ಅದು. ನಸುಗೆಂಪು ಛಾಯೆಯ ಬಿಳಿ ಚೂರುಗಳು, ಮೀನಿನ ಹುರುಪೆಗಿಂತ ಹಗುರ, ಬಗ್ಗಿ ಉಸಿರು ಬಿಟ್ಟರೆ ಹಾರಿಹೋಗುತ್ತಿತ್ತು. ಅದನ್ನು ಕಲಸಿಕೊಡುವ ಹಕ್ಕು ನಮ್ಮ ಫುಪ್ಪುವಿನದು. ಫುಪ್ಪು ಅಬ್ಬನ ಅಕ್ಕ, ಎಳೆಯ ವಯಸ್ಸಿಗೇ ಗಂಡ ತೀರಿಹೋಗಿ ತೌರಿಗೆ ಬಂದವಳು, ಬೀಗದ ಕೈಗೊಂಚಲೂ ಬೈಗುಳವೂ ಅವಳದೇ. ದಾದಾ ಊಟ ಮುಗಿಸುತ್ತಲೇ ಅವಳು ಬಿಸಿಹಾಲಿಗೆ ಚಮಚದಿಂದ ಹೊಟ್ಟು ಉದುರಿಸಿ, ಗಿರಗಿರನೆ ತಿರುಗಿಸಿ, ಓಡಿ ಹೋಗಿ ಕೊಡುತ್ತಿದ್ದಳು. ತಡವಾದರೆ ಗಂಜಿಯಾಗಿಬಿಡುತ್ತಿತ್ತು. ಹಿಂದೆಯೇ ತಂಬಿಗೆಯ ತುಂಬ ನೀರು. ದಾದಾ ಅದನ್ನೂ ಗಟಗಟ ಕುಡಿದು, ತೇಗಿ, ದೇವರಿಗೆ ಶುಕ್ರು ಹೇಳುತ್ತಿದ್ದರು. ಮಾರನೆಯ ಬೆಳಿಗ್ಗೆ ಅವರು ಬಿಳಿ ಟೈಲ್ಸಿನ ಅರಮನೆಯಿಂದ ಯಾವ ಮುಖ ಹೊತ್ತು ಹೊರಬರುತ್ತಾರೆ ಅನ್ನುವುದರ ಮೇಲೆ ಮನೆಯ ಹವೆ ನಿಂತಿತ್ತು. ನಗುತ್ತಾ ಬಂದರೆ ಮಕ್ಕಳಿಗೆ ಬನ್ನು. ಗಂಟು ಮುಖವಾದರೆ ಅಂದಿನ ಚಹಾಕ್ಕೆ ಸಕ್ಕರೆ ಕಮ್ಮಿಯಿಂದ ಹಿಡಿದು ಅಮ್ಮಿಯ ತೌರಿನವರೆಗೆ ಎಲ್ಲದಕ್ಕೂ ಮಂಗಳಾರತಿ.

ಅಮ್ಮಿಗೂ ಹೊಟ್ಟೆ ಕಟ್ಟುತ್ತಿತ್ತು. ಕಟ್ಟದೆ ಇನ್ನೇನು? ಗಂಡಸರು ಉಣ್ಣಲು ಹಾಸುವ ದಸ್ತರಖಾನಿನಿಂದ ಪಾತ್ರೆಗಳು ಒಳಗೆ ವಾಪಸು ಬರುವಷ್ಟರಲ್ಲಿ ದಂಟಿನ ಸೊಪ್ಪಿನ ಸಾರಿನಲ್ಲಿ ಸೊಪ್ಪಿರುತ್ತಿರಲಿಲ್ಲ, ಸಾರು ಮಾತ್ರ. ಅನ್ನಕ್ಕೆ ಅದನ್ನೇ ಹಾಕಿಕೊಂಡು, ತಂಬಿಗೆಯ ತಳದಲ್ಲಿ ಉಳಿದದ್ದನ್ನು ಕುಡಿದು ಏಳುತ್ತಿದ್ದಳು. ಹೋಗಬೇಕು ಅನಿಸಿದಾಗ ಹೋಗುವ ಹಾಗಿಲ್ಲ, ಹೋಗಬಹುದಾದ ಹೊತ್ತಿಗೆ ಹೊಟ್ಟೆ ಒಪ್ಪುತ್ತಿರಲಿಲ್ಲ. ನಮ್ಮ ಮನೆಮಾತು ಉರ್ದು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅಮ್ಮಿ ಒಂದು ದಿನ ಸೊಂಟ ಹಿಡಿದುಕೊಂಡು ನರಳಿದ್ದನ್ನು ಕೇಳಿ ಫುಪ್ಪು ಅಂದದ್ದು ನನಗೆ ಇವತ್ತಿಗೂ ನೆನಪಿದೆ.

"ನಾನು ಸಹಿಸ್ಲಿಲ್ವಾ? ನಾನೇನು ಸತ್ತೋದ್ನಾ? ಬಾ, ನನ್ನ ಅಬ್ಬನ ಪೊಟ್ಟಣದಾಗೆ ಒಂದು ಚಮಚ ಕೊಡ್ತೀನಿ. ಯಾರಿಗೂ ಹೇಳ್ಬೇಡ."

"ನೀರು ಜಾಸ್ತಿ ಬೇಡ ಆಪಾ. ಆಮೇಲೆ ನಡುಮಧ್ಯಾಹ್ನ ಏನ್ ಮಾಡ್ಲಿ?"

"ಒಂದು ಗುಟುಕಲ್ಲಿ ನುಂಗು. ಬೀಜಕ್ಕೇನು ಗೊತ್ತಾಗತ್ತೆ?"

ಇದೇ ರೂಢಿಯಾಯಿತು. ದಾದಾನಿಗೆ ಹಾಲಲ್ಲಿ, ತಂಬಿಗೆ ನೀರಿನ ಜೊತೆ. ಅಮ್ಮಿಗೆ ಅಂಗೈಯಲ್ಲಿ ಒಣಹೊಟ್ಟು, ಮೇಲೊಂದು ಗುಟುಕು. ಫುಪ್ಪುವೂ ಹಾಗೇ ತಿನ್ನುತ್ತಿದ್ದಳೋ ಏನೋ, ಅವಳನ್ನು ಯಾರೂ ಕೇಳಲಿಲ್ಲ. ಪಕ್ಕದ ಮನೆಯ ಸಾವಿತ್ರಮ್ಮನಿಗೆ ಮಾತ್ರ ಅಮ್ಮಿಯ ಮುಖ ನೋಡಿಯೇ ಎಲ್ಲ ತಿಳಿಯುತ್ತಿತ್ತು. ಅಡುಗೆಮನೆಯ ಕಿಟಕಿ ಅವರ ಹಿತ್ತಲಿಗೇ ತೆರೆಯುತ್ತಿತ್ತು.

"ಬೂಬಮ್ಮ, ನಮ್ ಹಿತ್ಲಾಗೆ ಐತಲ್ಲ, ಬಂದೋಗಿ. ಯಾರಿರ್ತಾರೆ ಅಲ್ಲಿ, ಎಮ್ಮೆ ಒಂದು. ಅದೇನು ನಿಮ್ಮ ಮಾವಂಗೆ ಚಾಡಿ ಹೇಳಾಕಿಲ್ಲ ಬುಡಿ."

ಅಮ್ಮಿ ನಕ್ಕು ಒಂದೆರಡು ಸಲ ಹೋಗಿಯೂ ಬಂದಳು. ಆದರೆ ಆ ಮನೆಗೆ ಹೋಗಲೂ ನಮ್ಮ ಜಗುಲಿಯನ್ನೇ ಹಾದು, ಬುರ್ಖಾ ಹಾಕಿಕೊಂಡು, ಬೀದಿಗಿಳಿದೇ ಹೋಗಬೇಕು. ದಾದಾ ಒಂದು ದಿನ ನೋಡಿ, ಅಬ್ಬನನ್ನು ಕರೆದು, ನಮ್ಮ ಮನೆ ಸೊಸೆ ಪಕ್ಕದ ಮನೆಯ ಕಕ್ಕಸಿಗೆ ಹೋಗುವಷ್ಟು ನಾವು ಗತಿಗೆಟ್ಟಿದ್ದೀವಾ ಎಂದು ಕೇಳಿದರಂತೆ. ಅಬ್ಬ ತಲೆ ಬಗ್ಗಿಸಿಕೊಂಡು ಬಂದು ಅಮ್ಮಿಗೆ ಬೇಡ ಅಂದರು. ನಮ್ಮ ಅಬ್ಬ ಒಳ್ಳೆಯ ಮನುಷ್ಯ. ನನ್ನನ್ನು ಕಾನ್ವೆಂಟಿಗೆ ಸೇರಿಸಿದ್ದು ಅವರೇ, ಊರೆಲ್ಲ ಬೇಡ ಅಂದಾಗಲೂ. ಆದರೂ ಬರೆಯಲೇಬೇಕು. ಅಮ್ಮಿಯ ಪಾಡು ದಾದಾನಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತುಮಾಡಿಕೊಳ್ಳುವುದು ಅವರ ಘನತೆಗೆ ಕಮ್ಮಿಯಾಗಿತ್ತು. ಅಬ್ಬನಿಗೆ ಗೊತ್ತಿತ್ತು. ಅಮ್ಮಿ ಹೊಟ್ಟೆ ಹಿಡಿದು ಹೊರಳಾಡುವುದನ್ನು ಪಕ್ಕದಲ್ಲೇ ಮಲಗಿ ಕೇಳಿಸಿಕೊಂಡವರು ಅವರು. ಗೊತ್ತಿದ್ದೂ ಸುಮ್ಮನಿದ್ದವರ ಮೇಲೆ ನನಗೆ ಬರುವ ಸಿಟ್ಟು ಬೇರೆಯೇ ತರದ್ದು, ಅದಕ್ಕೆ ಪ್ರೀತಿಯ ಕಹಿಯೂ ಸೇರಿಕೊಂಡಿರುತ್ತದೆ.

ಚಾಚಾನ ಮದುವೆ ಬಂತು. ಅಬ್ಬನ ತಮ್ಮನ ಮದುವೆ, ದಾದಾನ ಕೊನೆಯ ಮಗನದು, ಊರೇ ನೋಡಬೇಕು. ಚನ್ನಪಟ್ಟಣ, ಬೆಂಗಳೂರಿನಿಂದ ಗಂಡಸು ನೆಂಟರು ಬಂದು ಇಳಿದರು. ರಾತ್ರಿಯಾದರೆ ಜಗುಲಿಯ ತುಂಬ ಚಾಪೆ ಹಾಸಿ ಅವರು ಮಲಗುತ್ತಿದ್ದರು, ಕಕ್ಕಸಿನ ಬಾಗಿಲಿಗೇ ಕಾಲು ಚಾಚಿಕೊಂಡು. ಹೆಂಗಸರಿಗಿದ್ದ ಆ ಎರಡು ಕಳ್ಳಹೊತ್ತೂ ಹೋಯಿತು. ಬಂದ ಹೆಂಗಸು ನೆಂಟರು ಹಗಲು ಹೇಗೋ ಯಾರದೋ ಮನೆಗೆ ಹೋಗಿಬರುತ್ತಿದ್ದರು. ಅಮ್ಮಿಗೆ ಒಲೆ ಬಿಟ್ಟು ಏಳಲು ಪುರುಸೊತ್ತೆಲ್ಲಿ? ನಾನು ಸ್ಕೂಲಿಗೆ ರಜೆ ಹಾಕಿ ಬಂದಿದ್ದೆ. ಅಮ್ಮಿಯ ತುಟಿಗಳು ಒಡೆದು ಬಿಳಿಚಿಕೊಂಡಿದ್ದವು, ಹೊಟ್ಟೆ ಉಬ್ಬಿ ಸೀರೆಯ ನೆರಿಗೆ ನಿಲ್ಲುತ್ತಿರಲಿಲ್ಲ. ನೀರು ತಂದುಕೊಟ್ಟರೆ ಬೇಡ ಅಂತ ಕೈ ಸರಿಸುತ್ತಿದ್ದಳು. ಫುಪ್ಪು ಮಾತ್ರ ಓಡಾಡುವ ನಡುವೆಯೇ ಪೊಟ್ಟಣ ಬಿಚ್ಚಿ, "ಇನ್ನೊಂದು ಚಮಚ ಹಾಕ್ಕೋ, ಸಡಿಲ ಆಗತ್ತೆ" ಅಂತ ಅಂಗೈಗೆ ಸುರಿದುಹೋಗುತ್ತಿದ್ದಳು. ಸಡಿಲವಾಗದಿದ್ದಾಗ ಇನ್ನೂ ಒಂದು.

ಗಂಡಿನ ಮನೆಯ ಔತಣ ವಲೀಮಾದ ದಿನ ಮಧ್ಯಾಹ್ನ, ಗಂಡಸರ ಪಂಕ್ತಿ ಕೂತಿದ್ದಾಗ, ಅಮ್ಮಿ ಬೇಳೆಯ ದಾಲ್ಚ ಕುದಿಯುತ್ತಿದ್ದ ದೇಗಿನ ಪಕ್ಕ ಕುಸಿದಳು. ವಾಂತಿ ಮಾಡಿದ್ದು ಹಸಿರಾಗಿತ್ತು. ಹೊಟ್ಟೆ ಕಲ್ಲು. ನಾನು ಓಡಿಹೋಗಿ ಅಬ್ಬನಿಗೆ ಹೇಳಿದೆ, ಅಬ್ಬ ದಾದಾನ ಕಿವಿಯಲ್ಲಿ ಹೇಳಿದರು. ದಾದಾ ಕೂತವರ ಕಡೆ ನಗುಮುಖ ಮಾಡಿಕೊಂಡೇ, ತುಟಿ ಅಲ್ಲಾಡದ ಹಾಗೆ ಅಂದರು:

"ಪಂಕ್ತಿ ಏಳ್ಲಿ ತಡಿ. ಕೂತವರ ಮುಂದೆ ಹೆಂಗಸ್ರನ್ನ ಎತ್ಕೊಂಡು ಹೋಗ್ತೀಯಾ?"

ಅಬ್ಬ ತಡೆದರು. ಈ ಎರಡು ಪದ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಅಬ್ಬ ತಡೆದರು, ಪಂಕ್ತಿ ಏಳುವುದನ್ನು ಕಾಯುತ್ತಾ ಬಿರಿಯಾನಿಯ ಮೇಲೆ ಇನ್ನಷ್ಟು ಬಡಿಸಿದರು. ಕಿಟಕಿಯಿಂದ ಎಲ್ಲ ನೋಡಿದ ಸಾವಿತ್ರಮ್ಮ ಯಾರ ಅಪ್ಪಣೆಯೂ ಇಲ್ಲದೆ ಬೀದಿಯಿಂದ ಸುತ್ತಿಕೊಂಡು ಬಂದು, ಪಂಕ್ತಿಯ ನಡುವೆಯೇ ನಿಂತರು.

"ಏನು ಕಾಯ್ತಾ ಕೂತಿದೀರಿ ಸಾಹೇಬ್ರೇ? ಆಯಮ್ಮ ಒಳಗೆ ಸಾಯ್ತಾವ್ಳೆ. ಉಣ್ಣೋರು ಉಣ್ಲಿ, ದಾರಿ ಬುಡ್ಲಿ!"

ಉಣ್ಣುವವರು ಎದ್ದು ನಿಂತರು. ಮದುಮಗನಿಗೆಂದು ಹೂವು ಕಟ್ಟಿದ್ದ ಅಂಬಾಸಿಡರ್ ಕಾರಿನಲ್ಲೇ ಅಮ್ಮಿಯನ್ನು ತುಮಕೂರಿಗೆ ಕರೆದೊಯ್ದೆವು. ದಾದಾ ಮುಂದಿನ ಸೀಟಿನಲ್ಲಿ. ಹಿಂದೆ ಅಬ್ಬ, ಫುಪ್ಪು, ಫುಪ್ಪುವಿನ ತೊಡೆಯ ಮೇಲೆ ಅಮ್ಮಿಯ ತಲೆ, ಕಾಲ ಬಳಿ ನಾನು.

ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಇಳಿಸಿದರು, ಕೈಗೆ ಗ್ಲುಕೋಸು ಹಾಕಿದರು, ಕೆಳಗಿನಿಂದ ಏನೇನು ಮಾಡಬೇಕೋ ಮಾಡಿದರು. ಕೊಯ್ಯಬೇಕಾಗಬಹುದು ಅಂದಿದ್ದರು, ಕೊನೆಗೆ ಬೇಕಾಗಲಿಲ್ಲ. ಕಂಟಕ ಕಳೆದ ಮೇಲೆ ಲೇಡಿ ಡಾಕ್ಟರು ನಮ್ಮನ್ನೆಲ್ಲ ಮಂಚದ ಸುತ್ತ ಕರೆದು, ಏನು ತಿನ್ನಿಸಿದಿರಿ ಎಂದು ವಿಚಾರಿಸಿದರು. ಇಸಬ್ಗೋಲು ಅಂದಳು ಫುಪ್ಪು. ಎಷ್ಟು ನೀರಲ್ಲಿ ಅಂದರು. ಫುಪ್ಪು ಬೊಗಸೆಯಲ್ಲಿ ತೋರಿಸಿದಳು, ಅರ್ಧ ಬೊಗಸೆಯೂ ಇರಲಿಲ್ಲ.

"ಅದಕ್ಕೇ ಒಳಗೆ ಅಂಟಿನ ಥರ ಕಟ್ಕೊಂಡಿದೆ. ಅದು ಊದೋ ಪದಾರ್ಥ ಕಣಮ್ಮ, ನೀರು ಹಾಕ್ದೆ ನುಂಗ್ತಾರಾ? ಯಾಕಮ್ಮ, ನೀವು ನೀರು ಯಾಕೆ ಕುಡಿಯಲ್ಲ?"

ಅಮ್ಮಿ ಗೋಡೆಯ ಕಡೆ ತಿರುಗಿದಳು. ಅಬ್ಬ ಚಪ್ಪಲಿ ನೋಡಿಕೊಂಡರು. ನಾನೇ ಹೇಳಿದೆ.

"ಜಗುಲಿ ಮೇಲೆ ಗಂಡಸರಿರ್ತಾರೆ, ಡಾಕ್ಟರ್. ನೀರು ಕುಡಿದ್ರೆ ಅವರ ಮುಂದೆ ಹಾದು ಕಕ್ಕಸಿಗೆ ಹೋಗ್ಬೇಕಾಗತ್ತೆ."

ಡಾಕ್ಟರು ಒಂದು ಗಳಿಗೆ ಅರ್ಥವಾಗದೆ ನನ್ನನ್ನೇ ನೋಡಿದರು. ಆಮೇಲೆ ಅರ್ಥವಾಯಿತು. ದಾದಾನ ಕಡೆ ತಿರುಗಿ, "ಔಷಧಿ ಚೀಟೀಲಿ ನಾನು ಕಕ್ಕಸು ಬರೆಯಕ್ಕಾಗಲ್ಲ ಯಜಮಾನ್ರೇ. ಅದನ್ನ ನೀವೇ ಕಟ್ಟಿಸ್ಬೇಕು" ಅಂದರು.

ದಾದಾ ಹೊರಗೆ ಬಂದು, ಕಾನ್ವೆಂಟು ಈ ಹುಡುಗಿಯ ಬಾಯಿಗಿದ್ದ ಬೀಗ ಮುರಿದುಹಾಕಿದೆ ಎಂದರು. ಆಮೇಲೆ ತೀರ್ಪು ಕೊಟ್ಟರು. ಇನ್ನು ಮೇಲೆ ಮನೆಯ ಹೆಂಗಸರು ಇಸಬ್ಗೋಲು ಮುಟ್ಟಕೂಡದು, ಆ ಬೀಜ ಅವರ ಮೈಗೆ ಆಗಿಬರುವುದಿಲ್ಲ. ಬಳಗದಲ್ಲಿ ಈಗಲೂ ಓಡಾಡುವ ಮಾತು ಹುಟ್ಟಿದ್ದು ಅಲ್ಲಿ, ಆ ಕಾರಿಡಾರಿನಲ್ಲಿ. ಅವತ್ತು ಸಂಜೆ ಕುಣಿಗಲ್ಲಿಗೆ ಹೋಗಿ ಊಟ ಮಾಡಿ ಅವರು ತಮ್ಮ ಹಾಲಿಗೆ ತಾವು ಕಲಸಿಸಿಕೊಂಡು ಕುಡಿದರಂತೆ, ತಂಬಿಗೆ ನೀರಿನ ಜೊತೆ. ಫುಪ್ಪು ಎಷ್ಟೋ ವರ್ಷದ ಮೇಲೆ ಇದನ್ನು ನನಗೆ ಹೇಳಿದಳು.

ಆಸ್ಪತ್ರೆಯಿಂದ ಅಮ್ಮಿ ಸುಧಾರಿಸಿಕೊಳ್ಳಲು ಗುಬ್ಬಿಗೆ ಹೋದಳು, ತೌರಿಗೆ. ಅಮ್ಮಿಯ ಅಪ್ಪ, ನಮ್ಮ ನಾನಾ, ತೀರಿಕೊಂಡಿದ್ದರು, ಅವಳ ಅಮ್ಮ, ನಮ್ಮ ನಾನಿ, ಬಳೆ ಅಂಗಡಿ ನೋಡಿಕೊಳ್ಳುತ್ತಿದ್ದಳು. ಸಣ್ಣ ಮನೆ, ಹಂಚು ಸೋರುತ್ತಿತ್ತು, ಆದರೆ ಹಿತ್ತಲಲ್ಲಿ ಹುಣಿಸೆಮರದ ಕೆಳಗೆ ಕಕ್ಕಸಿತ್ತು. ನಾನಿ ಪ್ರತಿ ಹೊತ್ತಿಗೂ ಚೊಂಬಿನಲ್ಲಿ ನೀರು ಮುಂದಿಟ್ಟು, "ಕುಡೀತೀಯೋ, ಬಾಯಿಗೆ ಸುರೀಲೋ?" ಎಂದು ಕಾವಲು ಕೂರುತ್ತಿದ್ದಳು. ನಾನು ಶನಿವಾರ ಗುಬ್ಬಿಗೇ ಬರತೊಡಗಿದೆ. ಅಮ್ಮಿಯ ತುಟಿಗೆ ಬಣ್ಣ ಬಂದಿತ್ತು. ಅಷ್ಟು ವರ್ಷ ಅವಳ ಮುಖ ಒಣಗಿದ ಹಾಗಿದ್ದದ್ದು ಅವಳ ಮುಖವೇ ಹಾಗೆ ಅಂತ ನಾನು ತಿಳಿದಿದ್ದೆ.

ಅಬ್ಬ ಹಣ್ಣು ತೆಗೆದುಕೊಂಡು ಕರೆಯಲು ಬಂದರು. ಅಮ್ಮಿ ಊಟಕ್ಕೆ ಬಡಿಸಿದಳು, ಹೊರಡಲಿಲ್ಲ. ಮತ್ತೆ ಬಂದರು, ಮತ್ತೆ ಬಡಿಸಿದಳು. ಊರಲ್ಲಿ ಮಾತು ಹುಟ್ಟಿದ ಮೇಲೆ ದಾದಾ ತಾವೇ ಬಂದರು, ಅಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು. ನಾನಿ ಕುರ್ಚಿ ಕೊಟ್ಟು, ಚಹಾ ಕೊಟ್ಟು, ಎದುರಿಗೇ ನೆಲದ ಮೇಲೆ ಕೂತಳು. ಅಮ್ಮಿ ಒಳಕೋಣೆಯ ಬಾಗಿಲಿನ ಪರದೆಯ ಹಿಂದೆ ನಿಂತಿದ್ದಳು. ಮದುವೆಯಾದಾಗಿನಿಂದ ಅವಳು ಮಾವನ ಜೊತೆ ನೇರ ಮಾತಾಡಿದ್ದೇ ಇಲ್ಲ.

"ಸೊಸೇನ ಕಳಿಸಿ ಬೀಗರೇ. ಮನೆ ಮರ್ಯಾದೆ ಅಂತ ಒಂದಿರತ್ತೆ."

"ಮರ್ಯಾದೆ ಹೊತ್ಕೊಂಡೇ ಬಂದ್ಲಲ್ಲ ಬೀಗರೇ, ಹೊಟ್ಟೇಲಿ. ಡಾಕ್ಟರು ತೆಗೆದುಹಾಕಿದ್ರು," ಅಂದಳು ನಾನಿ.

ದಾದಾ ಚಹಾ ಬಟ್ಟಲು ಕೆಳಗಿಟ್ಟರು. "ಸರಿ, ಜಗುಲಿ ಉದ್ದಕ್ಕೂ ಒಂದು ಪರದೆ ಕಟ್ಟಿಸ್ತೀನಿ. ಆಯ್ತಲ್ಲ?"

ಒಳಗಿನಿಂದ ಅಮ್ಮಿಯ ದನಿ ಬಂತು, ಸಣ್ಣಗೆ, ನಡುಗದೆ.

"ಪರದೆ ಕಣ್ಣಿಗಾಯ್ತು. ಕಿವಿಗೆ?"

ಅವಳೇ ಮುಂದುವರಿಸಿದಳು.

"ಖಾಲಿ ಟ್ರಂಕುಗಳಿಗೆ ಹಿತ್ಲಲ್ಲಿ ಜಾಗ ಇದೆ. ನನಗೂ ಆಪಾಗೂ ಇಲ್ಲ. ಜಾಗ ಆದ ದಿನ ಬರ್ತೀನಿ. ಆಗ್ಲಿಲ್ಲ ಅಂದ್ರೆ ಅಮ್ಮನ ಜೊತೆ ಬಳೆ ಮಾರ್ಕೊಂಡಿರ್ತೀನಿ."

ದಾದಾ ಅಬ್ಬನ ಕಡೆ ನೋಡಿದರು, ಹೆಂಡತಿಗೆ ಬುದ್ಧಿ ಹೇಳು ಅನ್ನುವ ಹಾಗೆ. ಅಬ್ಬ ಪರದೆಯ ಕಡೆ ತಿರುಗಿದರು. ಆಮೇಲೆ ಎದ್ದು ನಿಂತು, "ನಾಳೆ ಮೇಸ್ತ್ರಿಗೆ ಬರಕ್ಕೆ ಹೇಳ್ತೀನಿ" ಎಂದರು. ದಾದಾನಿಗೆ ಹೇಳಿದರೋ ಅಮ್ಮಿಗೋ ತಿಳಿಯಲಿಲ್ಲ. ಆ ಮಾತು ಅಷ್ಟು ಸುಲಭದ್ದಾಗಿತ್ತು. ಅಷ್ಟು ಸುಲಭದ ಮಾತಿಗೆ ಅಮ್ಮಿ ಸಾವಿನ ಬಾಗಿಲು ತಟ್ಟುವವರೆಗೂ ಕಾಯಬೇಕಿತ್ತೇ ಅಂತ ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಗೋಡೌನಿನ ಒಂದು ಮೂಲೆಯ ಶೀಟು ಬಿಚ್ಚಿ, ಗೋಡೆ ಎಬ್ಬಿಸಿ, ಅಡುಗೆಮನೆಯಿಂದ ಬಾಗಿಲು ಒಡೆದರು. ಟೈಲ್ಸಿಲ್ಲ, ಸರಪಳಿಯಿಲ್ಲ, ಬರೀ ಸಿಮೆಂಟು, ಒಂದು ಮರದ ಬಾಗಿಲು, ಅಗುಳಿ. ನಾನು ಅಮ್ಮಿಯ ಜೊತೆ ಕುಣಿಗಲ್ಲಿಗೆ ವಾಪಸು ಹೋದ ದಿನ ದಾದಾ ಜಗುಲಿಯಲ್ಲಿ ಸ್ನೇಹಿತರ ಮುಂದೆ, ನಮ್ಮ ಹೆಂಗಸರ ಅನುಕೂಲಕ್ಕೆ ಅಂತ ನಾನೇ ಯೋಚನೆ ಮಾಡಿ ಕಟ್ಟಿಸಿದೆ, ಈ ಬೀದಿಯಲ್ಲಿ ಯಾರು ಮಾಡಿದ್ದಾರೆ ಹೇಳಿ, ಅನ್ನುತ್ತಿದ್ದರು. ಸ್ನೇಹಿತರು ತಲೆದೂಗುತ್ತಿದ್ದರು. ನನಗೆ ಹೊರಗೆ ಹೋಗಿ ಕೂಗಿಬಿಡಬೇಕು ಅನಿಸಿತು. ಅಮ್ಮಿ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಅಲ್ಲಿ ಫುಪ್ಪು ಹೊಸ ಬಾಗಿಲ ಮುಂದೆ ನಿಂತಿದ್ದಳು, ಕೈಯಲ್ಲಿ ಲೋಟಾ, ಒಳಗೆ ಹೋಗಲೋ ಬೇಡವೋ ಅನ್ನುವ ಹಾಗೆ. ಇನ್ನೂ ಯಾರೂ ಅದನ್ನು ಬಳಸಿರಲಿಲ್ಲವಂತೆ. ನೀನು ಬಂದ ಮೇಲೆ ಅಂತ ಕಾದಿದ್ದೆ ಅಂದಳು. ಸೂರ್ಯ ನಡುನೆತ್ತಿಯಲ್ಲಿದ್ದ, ಜಗುಲಿಯ ತುಂಬ ಗಂಡಸರಿದ್ದರು.

"ಹೋಗಿ ಆಪಾ," ಅಂದಳು ಅಮ್ಮಿ. "ನೀವು ನನಗಿಂತ ಜಾಸ್ತಿ ದಿನ ಕಾದಿದೀರಿ."

ಫುಪ್ಪು ಒಳಗೆ ಹೋದಳು. ಅಗುಳಿ ಬಿತ್ತು. ಆಗಲೇ ಜಗುಲಿಯಿಂದ ದಾದಾನ ದನಿ, ಅವಳ ಹೆಸರು ಹಿಡಿದು, ಸ್ನೇಹಿತರಿಗೆ ಚಹಾ ಕೇಳುತ್ತಾ. ಯಾವತ್ತೂ ಆ ಒಂದು ಕೂಗಿಗೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿದ್ದವಳು ಅವಳು. ನಾನು ಒಲೆಯ ಕಡೆ ಹೊರಟೆ. ಅಮ್ಮಿ ಕಣ್ಣಲ್ಲೇ ತಡೆದು, ಗೋಡೆಗೊರಗಿ ನೆಲದ ಮೇಲೆ ಕಾಲು ನೀಡಿ ಕೂತಳು. ದಾದಾ ಇನ್ನೊಮ್ಮೆ ಕೂಗಿದರು, ಈ ಸಲ ಸಿಡುಕಿನಿಂದ. ಬಾಗಿಲ ಒಳಗಿನಿಂದ ಫುಪ್ಪು, ಅಡುಗೆಮನೆ, ಕೋಣೆಗಳು, ಹಜಾರ ಎಲ್ಲ ದಾಟಿ ಜಗುಲಿಯಲ್ಲಿ ಕೂತ ಅಷ್ಟೂ ಗಂಡಸರಿಗೆ ಕೇಳಿಸುವ ಹಾಗೆ ಕೂಗಿಕೊಂಡಳು:

"ಕಕ್ಕಸಲ್ಲಿದೀನಿ ಅಬ್ಬಾ! ಕಾಯಿರಿ!"